ಸುಳ್ಳು ಬೋಧನೆಯಿಂದ ಸಭೆಯನ್ನು ಒಟ್ಟಾಗಿ ಕಾಯುವುದು ಹೇಗೆ? ಕೋಲಾರದ ವಿಶ್ವಾಸಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೋಲಾರ ಜಿಲ್ಲೆಯ ವಿಶ್ವಾಸಿಗೆ ಭಾನುವಾರ ಒಂದು ಪ್ರಸಂಗ, ವಾರವೆಲ್ಲ ಹತ್ತು ಪ್ರಸಂಗ. ಭಾನುವಾರದ್ದು ಸಭಾಪಾಲಕರ ಬಾಯಿಂದ, ಕನ್ನಡದಲ್ಲಿ. ಉಳಿದದ್ದೆಲ್ಲ ಫೋನಿನಲ್ಲಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು, ಕೆಜಿಎಫ್ ಕಡೆ ತಮಿಳು. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತವರಲ್ಲಿ ಪ್ರಸಂಗ ಕೇಳುವವರೂ ಇರುತ್ತಾರೆ. ಮೂರು ಭಾಷೆ ಬರುವುದು ಒಳ್ಳೆಯದೇ. ಆದರೆ ಮೂರೂ ಭಾಷೆಯ ತಪ್ಪು ಬೋಧನೆಗೂ ನಮ್ಮ ಮನೆಯ ದಾರಿ ಗೊತ್ತು. ಎಷ್ಟೋ ಸಲ ಸಭಾಪಾಲಕರಿಗೆ ಇದು ತಿಳಿಯುವುದೇ ಇಲ್ಲ. ಅವರ ವೇದಿಕೆಯಿಂದ ಬಂದ ಮಾತಲ್ಲವಲ್ಲ!

ಆದ್ದರಿಂದ ಕಾಯುವ ಕೆಲಸವನ್ನು ಅವರೊಬ್ಬರ ತಲೆಗೆ ಕಟ್ಟಿ ಸುಮ್ನೆ ಕೂರುವ ಹಾಗಿಲ್ಲ. ಪೌಲನು ಮಿಲೇತದಲ್ಲಿ ಎಫೆಸ ಸಭೆಯ ಹಿರಿಯರನ್ನೆಲ್ಲ ಒಟ್ಟಿಗೆ ಕರೆಸಿ ಈ ಎಚ್ಚರಿಕೆ ಕೊಟ್ಟ. ಒಬ್ಬನನ್ನು ಮಾತ್ರ ಕರೆಯಲಿಲ್ಲ. ತೋಳಗಳು ಹೊರಗಿನಿಂದ ಬರುತ್ತವೆ, ನಿಮ್ಮೊಳಗಿಂದಲೂ ಏಳುತ್ತಾರೆ ಅಂದ (ಅಪೊಸ್ತಲರ ಕೃತ್ಯಗಳು 20:28-31). ಆ ಎರಡನೆಯ ಮಾತನ್ನು ನಾವು ಬೇಗ ಮರೆಯುತ್ತೇವೆ.

ಮೊದಲು: ಯಾವುದು ಸುಳ್ಳು ಬೋಧನೆ, ಯಾವುದು ಅಲ್ಲ?

ಇದನ್ನು ತೀರ್ಮಾನ ಮಾಡದೆ ಕಾವಲಿಗೆ ಇಳಿದರೆ ನೆಂಟರ ನಡುವೆ ಜಗಳ ತಂದಿಟ್ಟ ಹಾಗಾಗುತ್ತದೆ. ಮಕ್ಕಳಿಗೆ ದೀಕ್ಷಾಸ್ನಾನ ಕೊಡಬಹುದೋ, ದೊಡ್ಡವರಾದ ಮೇಲೆ ನೀರಿನಲ್ಲಿ ಮುಳುಗಿಸಿಯೇ ಕೊಡಬೇಕೋ? ಮೆಥೋಡಿಸ್ಟ್ ಮತ್ತು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳು ಒಂದು ಹೇಳುತ್ತವೆ, ಪೆಂತೆಕೊಸ್ತ್ ಮತ್ತು ಬ್ರದರನ್ ಸಭೆಗಳು ಇನ್ನೊಂದು. ಪ್ರಾರ್ಥನೆಯಲ್ಲಿ ಅನ್ಯಭಾಷೆ ಆಡುವುದು, ತಲೆಯ ಮೇಲೆ ಮುಸುಕು, ಆಭರಣ ಹಾಕುವುದು ಬಿಡುವುದು, ಚಪ್ಪಾಳೆ ತಟ್ಟಿ ಹಾಡುವುದು, ಇವುಗಳಲ್ಲೂ ಭೇದ ಇದೆ. ವಾದ ಮಾಡಬಹುದು, ತಪ್ಪಿಲ್ಲ. ಆದರೆ ಇದಕ್ಕೆ ಒಬ್ಬರನ್ನು ಸುಳ್ಳು ಬೋಧಕ ಅನ್ನಬಾರದು.

ಮೂಲಕ್ಕೇ ಕೈ ಹಾಕುವ ಬೋಧನೆ ಬೇರೆ. ದೇವರು ಯಾರು, ಯೇಸು ಯಾರು, ಶಿಲುಬೆಯಲ್ಲಿ ಏನಾಯಿತು, ರಕ್ಷಣೆ ಕೃಪೆಯಿಂದಲೋ ಕಾಸಿನಿಂದಲೋ, ಸತ್ಯವೇದದ ಮೇಲೆ ಇನ್ನೊಬ್ಬರ ಮಾತು ನಡೆಯುತ್ತದೋ? ಗೆರೆ ಇಲ್ಲಿದೆ. ಹೊಸದಾಗಿ ಎಳೆಯಬೇಕಾಗಿಲ್ಲ. ಯೇಸು ದೇವರು ಸೃಷ್ಟಿಸಿದ ದೊಡ್ಡ ಜೀವಿ, ದೇವರಲ್ಲ ಎಂದು ಅಲೆಕ್ಸಾಂಡ್ರಿಯದ ಅರಿಯಸ್ ಕಲಿಸಿದಾಗ, 325ರಲ್ಲಿ ನೈಸಿಯದಲ್ಲಿ ಬಿಷಪರು ಸೇರಿ ಉತ್ತರವಾಗಿ, ನಂಬಿಕೆಯ ಸಾರ ಹೇಳುವ ವಿಶ್ವಾಸ ಪ್ರಮಾಣ ಬರೆದರು. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅದು ಇನ್ನಷ್ಟು ತುಂಬಿಕೊಂಡಿತು. ಅರಿಯಸ್ ಹೇಳಿದ್ದನ್ನೇ ಇವತ್ತೂ ಮನೆಬಾಗಿಲಿಗೆ ಬಂದು ಹೇಳುವವರಿದ್ದಾರೆ. ಚೀಲ ಹೊಸದು, ಸರಕು ಹಳೆಯದು.

ಮಾಡಬೇಕಾದದ್ದು ಇಷ್ಟು. ನಿಮ್ಮ ಸಭೆ ಒಪ್ಪಿರುವ ವಿಶ್ವಾಸ ಪ್ರಮಾಣವನ್ನು ಹೊರಗೆ ತೆಗೆಯಿರಿ. ಅಪೊಸ್ತಲರ ವಿಶ್ವಾಸ ಪ್ರಮಾಣ ಆರಾಧನೆಯ ಪುಸ್ತಕದಲ್ಲೇ ಇದ್ದರೆ ಬಾಯಿಪಾಠ ಹೇಳಿ ಮುಗಿಸಬೇಡಿ. ಸಾಲು ಸಾಲಾಗಿ ಕೂತು ಓದಿ, ಒಂದೊಂದು ಸಾಲಿಗೆ ಒಂದೊಂದು ವಾಕ್ಯಭಾಗ ಹುಡುಕಿ. ಸ್ವತಂತ್ರ ಸಭೆಯಾದರೆ ಟ್ರಸ್ಟ್ ಪತ್ರದ ಜೊತೆಗೋ ಬೈಲಾದಲ್ಲೋ ನಂಬಿಕೆಯ ಹೇಳಿಕೆ ಇರಬಹುದು. ಇಲ್ಲದಿದ್ದರೆ ಇವತ್ತೇ ಒಂದು ಪುಟ ಬರೆಸಿ. ಮುಂದೆ ಯಾರನ್ನಾದರೂ ಪ್ರಶ್ನೆ ಕೇಳುವಾಗ ನಿಮ್ಮ ಕೈಯಲ್ಲಿ ಇರಬೇಕಾದ ಕಾಗದ ಇದು.

ನಾಲ್ಕೈದು ಜನರ ಗುಂಪು

ಸಭಾಪಾಲಕರಿಗೆ ಹೇಳಿ, ಅವರನ್ನೂ ಸೇರಿಸಿಕೊಂಡೇ ಶುರು ಮಾಡಿ. ಕದ್ದುಮುಚ್ಚಿ ಹುಟ್ಟಿದ ಗುಂಪೇ ಒಂದು ಪಂಗಡವಾಗಿಬಿಡುತ್ತದೆ. ಒಬ್ಬರು ಹಿರಿಯರು, ಒಬ್ಬರು ಸಂಡೇ ಸ್ಕೂಲ್ ಟೀಚರ್, ಯುವಜನರಿಂದ ಒಬ್ಬರು, ಮಹಿಳಾ ಕೂಟದಿಂದ ತಪ್ಪದೆ ಒಬ್ಬರು. ಮನೆಕೂಟಗಳಲ್ಲಿ ಏನು ನಡೆಯುತ್ತಿದೆ ಎಂದು ಮೊದಲು ಗೊತ್ತಾಗುವುದು ಹೆಂಗಸರಿಗೇ. ಅವರಿಲ್ಲದ ಗುಂಪಿಗೆ ಸುದ್ದಿ ತಲುಪುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ನಮ್ಮ ಕಡೆಗೆ ಇನ್ನೊಂದು ನಿಯಮ: ತೆಲುಗು ಚೆನ್ನಾಗಿ ಬರುವ ಒಬ್ಬರು, ತಮಿಳು ಚೆನ್ನಾಗಿ ಬರುವ ಒಬ್ಬರು ಇರಲಿ.

ಇದಕ್ಕೆ ವಾಟ್ಸಾಪ್ ಗುಂಪು ಮಾಡಬೇಡಿ. ದಯವಿಟ್ಟು. ರಾತ್ರಿ ಹನ್ನೊಂದಕ್ಕೆ ಒಬ್ಬರು ಒಂದು ವಿಡಿಯೋ ಹಾಕುತ್ತಾರೆ, ಇನ್ನೊಬ್ಬರು ಬೆಂಕಿ ಹಚ್ಚುತ್ತಾರೆ, ಬೆಳಿಗ್ಗೆ ಅದರ ಸ್ಕ್ರೀನ್‌ಶಾಟ್ ಆಂಡರ್ಸನ್‌ಪೇಟೆ ತನಕ ಓಡಿರುತ್ತದೆ. ತಿಂಗಳಿಗೊಮ್ಮೆ ಎದುರಾ ಎದುರು ಕೂತು ಮಾತಾಡಿ. ಒಂದು ನೋಟ್‌ಬುಕ್ ಸಾಕು.

ಓದುವ ಅಭ್ಯಾಸ: ಇಡೀ ಸಭೆಗೆ

ಇದು ನನ್ನ ಪ್ರಕಾರ ಇಡೀ ಕೆಲಸದ ಬೆನ್ನೆಲುಬು. ಸುಳ್ಳು ಬೋಧಕರ ಪಟ್ಟಿ ಮಾಡಿ ಹಂಚಿದರೆ ಇವತ್ತಿನ ಹತ್ತು ಜನರಿಂದ ಪಾರಾಗಬಹುದು. ನಾಳೆ ಹನ್ನೊಂದನೆಯವನು ಬರುತ್ತಾನೆ. ವಾಕ್ಯವನ್ನು ಅದರ ಹಿಂದು ಮುಂದು ಸಮೇತ ಓದುವ ಅಭ್ಯಾಸ ಸಭೆಗೆ ಇದ್ದರೆ ಯಾರೇ ಬಂದರೂ ಪರವಾಗಿಲ್ಲ. ಬೆರೋಯದವರು ಪೌಲನ ಮಾತನ್ನೇ ಪ್ರತಿದಿನ ಶಾಸ್ತ್ರ ತೆಗೆದು ಪರೀಕ್ಷೆ ಮಾಡಿದರು. ಅದಕ್ಕೆ ಅವರನ್ನು ಯಾರೂ ಬೈಯಲಿಲ್ಲ, ಹೊಗಳಿದರು (ಅಪೊಸ್ತಲರ ಕೃತ್ಯಗಳು 17:11).

ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಕ್ರೇಟ್ ಕೊಳ್ಳುವವನು ಮೇಲಿನ ಸಾಲು ನೋಡಿ ದುಡ್ಡು ಕೊಡುವುದಿಲ್ಲ, ಕೈ ಹಾಕಿ ತಳದ್ದನ್ನು ತೆಗೆದು ನೋಡುತ್ತಾನೆ. ವಾಕ್ಯವನ್ನೂ ಹಾಗೇ ನೋಡಬೇಕು. ಒಂದನ್ನು ಇಲ್ಲೇ ಮಾಡಿ ನೋಡೋಣ.

"ಸಾವಿರ ಬಿತ್ತು, ಲಕ್ಷ ಕೊಯ್ಯಿ. ನೂರರಷ್ಟು ಅಂತ ಯೇಸುವೇ ಹೇಳಿದ್ದಾನೆ" ಎಂದು ಕಾಣಿಕೆಗೆ ಮುಂಚೆ ಹೇಳುವುದನ್ನು ಕೇಳಿರುತ್ತೀರಿ. ಅವರು ತೋರಿಸುವ ವಾಕ್ಯ ಮಾರ್ಕ 10:30. ಈಗ 17ನೇ ವಚನದಿಂದ 31ರ ತನಕ ಜೋರಾಗಿ ಓದಿಸಿ, ಒಬ್ಬೊಬ್ಬರು ಎರಡೆರಡು ವಚನ. ಆಮೇಲೆ ಬರೀ ಪ್ರಶ್ನೆ ಕೇಳಿ. ಮಾತು ಶುರುವಾಗುವುದು ಯಾರಿಂದ? ಒಬ್ಬ ಶ್ರೀಮಂತನಿಂದ. ಯೇಸು ಅವನಿಗೆ ಏನು ಮಾಡು ಅಂದ? ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡು ಅಂದ. ಬೋಧಕನಿಗೆ ಕೊಡು ಅನ್ನಲಿಲ್ಲ. ಅವನು ಏನು ಮಾಡಿದ? ಮುಖ ಸಪ್ಪಗೆ ಮಾಡಿಕೊಂಡು ಹೋದ. ಪೇತ್ರ ಏನಂದ? ನಾವು ಎಲ್ಲ ಬಿಟ್ಟು ಬಂದಿದ್ದೇವೆ ಅಂದ. ನೂರರಷ್ಟು ಎಂಬ ಮಾತು ಬಂದದ್ದು ಆಗ. ನೂರರಷ್ಟು ಏನೇನು ಸಿಗುತ್ತದೆ? ಮನೆ, ಅಣ್ಣತಮ್ಮ, ಅಕ್ಕತಂಗಿ, ತಾಯಿ, ಮಕ್ಕಳು, ಭೂಮಿ. ದುಡ್ಡಿನ ಲೆಕ್ಕದಂತೆ ಓದುವುದಾದರೆ ನೂರು ತಾಯಂದಿರು ಎಲ್ಲಿಂದ ಬರುತ್ತಾರೆ? ಇಲ್ಲಿ ಸಾಮಾನ್ಯವಾಗಿ ಜನ ನಗುತ್ತಾರೆ. ನಗಲಿ, ಅರ್ಥ ಆಗಿದೆ ಎಂದು ಲೆಕ್ಕ. ಯೇಸುವಿಗಾಗಿ ಮನೆ ಬಿಟ್ಟವನಿಗೆ ಸಭೆಯೇ ಮನೆಯಾಗುತ್ತದೆ ಎಂಬುದು ಆ ಮಾತು. ಕೊನೆಯ ಪ್ರಶ್ನೆ: ಅದೇ ಪಟ್ಟಿಯಲ್ಲಿ ಇನ್ನೊಂದು ಇದೆ, ಬೋಧಕರು ಅದನ್ನು ಓದುವುದಿಲ್ಲ, ಯಾವುದು? ಹಿಂಸೆಗಳು. ನೂರರಷ್ಟು ಬೇಕೆಂದರೆ ಅದೂ ಸೇರಿಯೇ ಬರುತ್ತದೆ.

ಇಷ್ಟಕ್ಕೆ ಗ್ರೀಕ್ ಬೇಡ, ಸೆಮಿನರಿ ಬೇಡ. ಓದಲು ಬಾರದ ಅಜ್ಜಿಯೂ ಕೇಳಿಸಿಕೊಂಡು ಉತ್ತರ ಹೇಳಬಲ್ಲರು. ಒಂದು ಕೂಟಕ್ಕೆ ಒಂದೇ ವಾಕ್ಯ ಸಾಕು. ಹೀಗೆ ಓದಲು ಇನ್ನು ಕೆಲವು: ಲೂಕ 6:38ನ್ನು 27ರಿಂದ ಓದಿ, ಅದು ಕ್ಷಮೆ ಮತ್ತು ದಯೆಯ ಮಾತಿನ ನಡುವೆ ಇದೆ. ಮಲಾಕಿ 3:10ನ್ನು ನೆಹೆಮೀಯ 13:10-12ರ ಜೊತೆ ಓದಿ, ಉಗ್ರಾಣಕ್ಕೆ ಬಂದದ್ದು ಲೇವಿಯರ ಊಟದ ಧಾನ್ಯ. 3 ಯೋಹಾನ 2ನೇ ವಚನ ಪತ್ರದ ಆರಂಭದ ಕ್ಷೇಮ ಹಾರೈಕೆ, ನಾವೂ ಕಾಗದ ಬರೆಯುವಾಗ ಕ್ಷೇಮ ಕೇಳುತ್ತೇವಲ್ವಾ, ಹಾಗೆ.

ಇಲ್ಲಿ ಜಾಸ್ತಿ ಕಾಣುವ ಬೋಧನೆಗಳು

ದುಡ್ಡಿನದ್ದು ಹೇಳಿದ್ದಾಯಿತು. ಪ್ರಾಣಕ್ಕೆ ಕುತ್ತು ತರುವುದು ಇನ್ನೊಂದು: "ಗುಳಿಗೆ ತಿಂದರೆ ನಂಬಿಕೆ ಇಲ್ಲ ಎಂದರ್ಥ." ರೋಗಿಗಾಗಿ ಪ್ರಾರ್ಥನೆ ಮಾಡುವುದು, ದೇವರು ಗುಣಪಡಿಸುತ್ತಾನೆ ಎಂದು ನಂಬುವುದು ಕ್ರೈಸ್ತ ನಂಬಿಕೆಯೇ. ಔಷಧಿ ಬಿಡು ಅನ್ನುವುದು ಅಲ್ಲ. ಪೌಲನು ತಿಮೊಥೆಯ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂದ (1 ತಿಮೊಥೆ 5:23). ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದ (2 ತಿಮೊಥೆ 4:20). ಪೌಲನಿಗೆ ನಂಬಿಕೆ ಕಡಿಮೆ ಇತ್ತೇ? ಸಕ್ಕರೆ ಕಾಯಿಲೆಯ ಇನ್ಸುಲಿನ್, ಫಿಟ್ಸ್ ಗುಳಿಗೆ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಜೀವವೇ ಹೋಗಬಹುದು. ಟಿಬಿ ಔಷಧಿ ಅರ್ಧಕ್ಕೆ ಬಿಟ್ಟರೆ ಔಷಧಿಗೇ ಬಗ್ಗದ ಟಿಬಿ ಬರಬಹುದು. ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆ ಕಟ್ಟಿದ್ದು ಮೆಥೋಡಿಸ್ಟ್ ಮಿಷನ್. ಪ್ರಾರ್ಥನೆಯೂ ಔಷಧಿಯೂ ಒಂದೇ ಕಾಂಪೌಂಡಿನಲ್ಲಿ ಇದ್ದ ಊರು ನಮ್ಮದು, ಇಲ್ಲಿ ಯಾರಾದರೂ ಇವೆರಡಕ್ಕೂ ಜಗಳ ಹಚ್ಚಿದರೆ ಅದನ್ನು ನೆನಪಿಸಿ. ಹಾವು, ಚೇಳು, ನಾಯಿ ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ ಎಂಬುದೂ ಗೊತ್ತಿರಲಿ.

ಪ್ರವಾದನೆಯ ವಿಷಯದಲ್ಲಿ ಎರಡು ಅಳತೆ ಇದೆ. ಹೇಳಿದ್ದು ನಡೆಯದಿದ್ದರೆ ಅದು ಕರ್ತನ ಮಾತಲ್ಲ (ಧರ್ಮೋಪದೇಶಕಾಂಡ 18:22). ಇನ್ನೊಂದನ್ನು ಜನ ಮರೆಯುತ್ತಾರೆ: ಹೇಳಿದ್ದು ನಡೆದರೂ, ಅವನು ನಿಮ್ಮನ್ನು ದೇವರಿಂದ ಬೇರೆ ಕಡೆಗೆ ಎಳೆದರೆ ಕೇಳಬೇಡಿ (13:1-3). "ನನ್ನ ಮೊಬೈಲ್ ನಂಬರ್ ಸರಿಯಾಗಿ ಹೇಳಿಬಿಟ್ಟರು" ಅನ್ನುವುದು ಬೋಧನೆ ಸರಿ ಅನ್ನುವುದಕ್ಕೆ ಸಾಕ್ಷಿಯಲ್ಲ. ಇನ್ನು ಕರ್ತನ ಬರೋಣದ ತಾರೀಕು ಹೇಳುವವರು. ಅಮೆರಿಕದ ವಿಲಿಯಂ ಮಿಲ್ಲರ್ ಅವರ ಹಿಂಬಾಲಕರು 1844ರ ಅಕ್ಟೋಬರ್ 22ಕ್ಕೆ ಕಾದು ಕೂತರು. ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಅಂದರು. ಆ ದಿನ ಮಗನಿಗೂ ಗೊತ್ತಿಲ್ಲ ಎಂದು ಮಾರ್ಕ 13:32 ಹೇಳುತ್ತದೆ. ಇದರ ಮೇಲೆ ಜಾಸ್ತಿ ಹೊತ್ತು ಕಳೆಯಬೇಡಿ.

ಗುಟ್ಟಿನ ಬೈಬಲ್ ಸ್ಟಡಿ ಬಗ್ಗೆ ಮಾತ್ರ ಮಕ್ಕಳಿಗೆ, ಅದರಲ್ಲೂ ಬೆಂಗಳೂರಿಗೆ ಓದಲು ಕೆಲಸಕ್ಕೆ ಹೋಗುವವರಿಗೆ, ಮೊದಲೇ ಹೇಳಿಡಿ. "ಈಗಲೇ ಮನೆಯಲ್ಲಿ ಹೇಳಬೇಡಿ, ನಿಮ್ಮ ಪಾಸ್ಟರ್‌ಗೆ ಇದು ಅರ್ಥ ಆಗುವುದಿಲ್ಲ" ಎಂಬ ಮಾತು ಬಂತು ಅಂದರೆ ಆ ಜಾಗದಿಂದ ಏಳುವ ಸಮಯ.

ಏನಾದರೂ ಕಿವಿಗೆ ಬಿದ್ದಾಗ

ಮೂವತ್ತು ಸೆಕೆಂಡಿನ ರೀಲ್ ನೋಡಿ ತೀರ್ಪು ಕೊಡಬೇಡಿ. ವಾಕ್ಯದ ತುಂಡು ಕಿತ್ತು ಬೋಧಿಸುವುದು ತಪ್ಪಾದರೆ, ಪ್ರಸಂಗದ ತುಂಡು ಕಿತ್ತು ದೂರುವುದೂ ಅಷ್ಟೇ ತಪ್ಪು. ಪೂರ್ತಿ ಪ್ರಸಂಗ ಕೇಳಿ. ಹೇಳಿದ ಮಾತನ್ನು ಹೇಳಿದ ಹಾಗೆಯೇ, ನಿಮಿಷ ಸಮೇತ ನೋಟ್‌ಬುಕ್‌ನಲ್ಲಿ ಬರೆಯಿರಿ. ತೆಲುಗು, ತಮಿಳಾದರೆ ಆ ಭಾಷೆಯಲ್ಲೇ ಬರೆದು ಕೆಳಗೆ ಕನ್ನಡ ಬರೆಯಿರಿ. ಗುಂಪಿನಲ್ಲಿ ಇಬ್ಬರು ಬೇರೆ ಬೇರೆಯಾಗಿ ಕೇಳಿ ಆಮೇಲೆ ಹೋಲಿಸಿ.

ಹೇಳಿದವರು ನಿಮ್ಮ ಊರಿನವರೇ ಆದರೆ ಹೋಗಿ ಕೇಳಿ. ಅಪೊಲ್ಲೋಸನ ಬೋಧನೆಯಲ್ಲಿ ಕೊರತೆ ಕಂಡಾಗ ಪ್ರಿಸ್ಕಿಲ್ಲ, ಅಕ್ವಿಲ ಸಭಾಮಂದಿರದಲ್ಲಿ ಎದ್ದು ನಿಂತು ಕೂಗಲಿಲ್ಲ. ತಮ್ಮೊಂದಿಗೆ ಕರೆದುಕೊಂಡು ಹೋಗಿ ಸರಿಯಾಗಿ ವಿವರಿಸಿದರು (ಅಪೊಸ್ತಲರ ಕೃತ್ಯಗಳು 18:26). ಅವನು ಕಲಿತ, ದೊಡ್ಡ ಸೇವಕನಾದ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಪಾಸ್ಟರ್‌ಗಳಿಗೆ ತರಬೇತಿಗೆ ಹೋಗಲು ದುಡ್ಡಿಲ್ಲ, ಯಾವುದೋ ದೊಡ್ಡ ಚಾನೆಲ್ ನೋಡಿ ಅದನ್ನೇ ಹೇಳುತ್ತಾರೆ. ಅವರು ತೋಳಗಳಲ್ಲ. ಒಂದು ಲೋಟ ಟೀ, ತೆರೆದ ಸತ್ಯವೇದ, ಎರಡು ಪ್ರಶ್ನೆ. ಬಹಳಷ್ಟು ಅಲ್ಲಿಗೇ ಸರಿಹೋಗುತ್ತದೆ.

ಸರಿಹೋಗದಿದ್ದರೆ ಮತ್ತಾಯ 18:15-17ರ ಕ್ರಮ ಇದೆ: ಒಬ್ಬರು, ಆಮೇಲೆ ಇಬ್ಬರು ಮೂವರು, ಆಮೇಲೆ ಸಭೆ. ಕೇಳುವ ಪ್ರಶ್ನೆ ನೇರವಾಗಿರಲಿ. "ನೀವು ಇಂಥ ದಿನ ಇಂಥ ಮಾತು ಹೇಳಿದಿರಿ. ನಾವು ಕೇಳಿಸಿಕೊಂಡದ್ದು ಸರಿಯೇ? ಇದು ಸತ್ಯವೇದದಲ್ಲಿ ಎಲ್ಲಿದೆ?" ಸರಿಯಾದ ಬೋಧಕ ಬೇಜಾರಾದರೂ ಉತ್ತರ ಹುಡುಕುತ್ತಾನೆ. "ಅಭಿಷಿಕ್ತರನ್ನು ಮುಟ್ಟಬೇಡಿ, ಶಾಪ ತಗಲುತ್ತದೆ" ಎಂಬ ಉತ್ತರ ಬಂದರೆ ಅದನ್ನೂ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಆ ಮಾತಿಗೆ ಅವರು ತೋರಿಸುವ ಕೀರ್ತನೆ 105:15 ಅಬ್ರಹಾಮ, ಇಸಾಕ, ಯಾಕೋಬರನ್ನು ಅರಸರು ಹಿಂಸಿಸದಂತೆ ದೇವರು ಕಾಪಾಡಿದ ಕಥೆ. ಪ್ರಶ್ನೆ ಕೇಳಬೇಡಿ ಎಂಬ ಬೋರ್ಡ್ ಅಲ್ಲ.

ಬಾಗಿಲುಗಳು

ವೇದಿಕೆಗೆ ಯಾರನ್ನು ಕರೆಯಬೇಕು ಎಂಬುದನ್ನು ಒಬ್ಬರೇ ತೀರ್ಮಾನ ಮಾಡಬಾರದು. ಹೊರಗಿನ ಪ್ರಸಂಗಿ ಬರುವ ಮೊದಲು ಅವರ ಎರಡು ಮೂರು ಪ್ರಸಂಗ ಗುಂಪು ಪೂರ್ತಿ ಕೇಳಿರಬೇಕು, ಅವರ ಸ್ವಂತ ಸಭೆಯ ಹಿರಿಯರ ಜೊತೆ ಮಾತಾಡಿರಬೇಕು. ಕನ್ವೆನ್ಷನ್ ಪೋಸ್ಟರ್ ನೋಡಿ ಕರೆಯಬೇಡಿ. ಪೋಸ್ಟರ್‌ನಲ್ಲಿ ಎಲ್ಲರೂ ಅಪೊಸ್ತಲರೇ.

ಹಾಡಿನ ಬಾಗಿಲನ್ನು ಯಾರೂ ಗಮನಿಸುವುದಿಲ್ಲ. ಪ್ರಸಂಗ ಮಧ್ಯಾಹ್ನದ ಊಟಕ್ಕೆ ಮರೆತುಹೋಗುತ್ತದೆ, ಹಾಡು ವಾರವೆಲ್ಲ ಬಾಯಲ್ಲಿರುತ್ತದೆ. ತೆಲುಗು, ತಮಿಳಿನಿಂದ ಹೊಸ ಹಾಡು ಕನ್ನಡಕ್ಕೆ ತರುವಾಗ ಕ್ವಯರ್ ಲೀಡರ್ ಮೊದಲು ಸಾಹಿತ್ಯವನ್ನು ರಾಗ ಇಲ್ಲದೆ ಓದಲಿ. ಅರ್ಧಕ್ಕರ್ಧ ಪ್ರಶ್ನೆ ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಬಾಗಿಲು ಕಾಣಿಕೆ ಪೆಟ್ಟಿಗೆ. ಎಣಿಸುವಾಗ ಇಬ್ಬರು, ಬ್ಯಾಂಕಿನಲ್ಲಿ ಇಬ್ಬರ ಸಹಿ, ವರ್ಷಕ್ಕೊಮ್ಮೆ ಸಭೆಯ ಮುಂದೆ ಲೆಕ್ಕ. ಸುಳ್ಳು ಬೋಧಕರು ಲೋಭದಿಂದ ನಿಮ್ಮನ್ನು ಲಾಭದ ದಾರಿ ಮಾಡಿಕೊಳ್ಳುತ್ತಾರೆ ಎಂದು 2 ಪೇತ್ರ 2:3ರಲ್ಲೇ ಇದೆ. ಯಾರದ್ದೋ ಸ್ವಂತ ನಂಬರಿನ ಕ್ಯೂಆರ್ ಕೋಡ್ ಸಭೆಯ ಗೋಡೆಗೆ ಅಂಟಿಸಬೇಡಿ.

ಬೇರೆ ಸಭೆಗಳ ಜೊತೆ

ಒಂದು ಸಭೆಯಿಂದ ಹೊರಬಿದ್ದವನು ಮುಂದಿನ ತಿಂಗಳು ಬಂಗಾರಪೇಟೆಯಲ್ಲೋ ಮಾಲೂರಿನಲ್ಲೋ ಬೋರ್ಡ್ ಹಾಕುತ್ತಾನೆ. ಸಭಾಪಾಲಕರು ತಮ್ಮ ತಮ್ಮಲ್ಲಿ ಮಾತಾಡದಿದ್ದರೆ ಪ್ರತಿ ಸಭೆಯೂ ಅದೇ ಪಾಠ ಮೊದಲಿಂದ ಕಲಿಯಬೇಕು. ತಾಲ್ಲೂಕಿನ ಪಾಸ್ಟರ್ಸ್ ಫೆಲೋಶಿಪ್‌ನಲ್ಲಿ ಇದಕ್ಕೊಂದು ಸಮಯ ಇಡಿ. ದೀಕ್ಷಾಸ್ನಾನದ ವಾದ ಅಲ್ಲಿ ಬೇಡ, ನೈಸಿಯದ ಗೆರೆ ಸಾಕು. ಸಭೆ ಬದಲಿಸಿ ಬಂದವರನ್ನು ಹಿಂದಿನ ಸಭಾಪಾಲಕರಿಗೆ ಒಂದು ಫೋನ್ ಮಾಡದೆ ಸೇರಿಸಿಕೊಳ್ಳುವುದಿಲ್ಲ ಎಂಬ ಒಪ್ಪಂದ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಸಂಖ್ಯೆ ಏರಿಸುವ ಆಸೆಗೆ ಇದು ಕಷ್ಟ, ಗೊತ್ತು.

ಹೆಸರು ಹಾಕಿ ಪಾಂಪ್ಲೆಟ್ ಹಂಚುವುದು, ಫೇಸ್‌ಬುಕ್ ಲೈವ್ ಮಾಡುವುದು ಬೇಡ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನನಷ್ಟದ್ದು, ನೆನಪಿರಲಿ. ಬೋಧನೆಯನ್ನು ಖಂಡಿಸಿ, ಉತ್ತರವನ್ನು ನಿಮ್ಮ ವೇದಿಕೆಯಿಂದ ಕೊಡಿ.

ಆಚೆ ಹೋದವರು

ಯಾರು ಹೋದರು ಎಂದು ನೋಡುವ ಮೊದಲು ಯಾಕೆ ಹೋದರು ಎಂದು ಕೇಳಿ. ಕೆಜಿಎಫ್ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಕೆಲಸ ಹೋದ ಮನೆಗಳಿಗೆ "ಈ ವರ್ಷ ನಿನ್ನ ವರ್ಷ" ಎನ್ನುವ ಮಾತು ಎಷ್ಟು ಸಿಹಿಯಾಗಿ ಕೇಳಿಸಿರಬೇಡ! ಮಕ್ಕಳಾಗದ ದಂಪತಿ, ಮೈಕ್ರೋಫೈನಾನ್ಸ್ ಸಾಲದ ಕಂತು ಕಟ್ಟಲಾಗದ ತಾಯಿ, ಡಯಾಲಿಸಿಸ್‌ಗೆ ಹೋಗುವ ಅಪ್ಪ. ಇವರ ಮನೆಗೆ ನಮ್ಮ ಸಭೆಯವರು ಕೊನೆಯ ಸಲ ಯಾವಾಗ ಹೋಗಿದ್ದರು? ಸುಳ್ಳು ಬೋಧಕ ಎರಡು ಸಲ ಹೋಗಿರುತ್ತಾನೆ. ಎಫೆಸದವರು ಸುಳ್ಳು ಅಪೊಸ್ತಲರನ್ನು ಸರಿಯಾಗಿ ಪತ್ತೆ ಮಾಡಿದ್ದರು, ಆದರೆ ಮೊದಲಿದ್ದ ಪ್ರೀತಿ ಬಿಟ್ಟಿದ್ದರು (ಪ್ರಕಟನೆ 2:2-4). ಆದ್ದರಿಂದ ಗುಂಪಿನ ನೋಟ್‌ಬುಕ್‌ನಲ್ಲಿ ಭೇಟಿ ಕೊಡಬೇಕಾದ ಮನೆಗಳ ಪಟ್ಟಿಯೂ ಇರಲಿ.

ಹೋದವರನ್ನು ಮದುವೆ, ಹಬ್ಬಕ್ಕೆ ಕರೆಯುವುದು ನಿಲ್ಲಿಸಬೇಡಿ. ಕ್ರಿಸ್ಮಸ್ ಕೇಕ್ ಕೊಟ್ಟು ಬನ್ನಿ, ವಾದ ಮಾಡಬೇಡಿ. ವಾಪಸ್ಸು ಬಂದ ದಿನ "ನಾವು ಆಗಲೇ ಹೇಳಿದ್ದೆವು" ಎಂಬ ಮಾತು ಯಾರ ಬಾಯಿಂದಲೂ ಬರಬಾರದು. ದುಡ್ಡು ಆನ್‌ಲೈನ್‌ನಲ್ಲಿ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ ಗುಂಪಿಗೆ ಅಲ್ಲಿ ಕೆಲಸವಿಲ್ಲ. ಮಕ್ಕಳ ಸಹಾಯವಾಣಿ 1098 ಅಥವಾ ಪೊಲೀಸ್. ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿದೂ ಹೇಳದಿರುವುದು ಅಪರಾಧ.

ನಮ್ಮ ಸಭಾಪಾಲಕರೇ ದಾರಿ ತಪ್ಪಿದರೆ

ಎಲ್ಲಕ್ಕಿಂತ ಕಷ್ಟದ್ದು ಇದು. ಹಿರಿಯರ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ತೆಗೆದುಕೊಳ್ಳಬೇಡ ಎಂದು 1 ತಿಮೊಥೆ 5:19 ಹೇಳುತ್ತದೆ. ಸಾಕ್ಷಿ ಇದ್ದಾಗ ಮುಚ್ಚಿಡು ಎಂದು ಹೇಳುವುದಿಲ್ಲ, 20ನೇ ವಚನ ಓದಿ. ಮೊದಲು ಅವರ ಜೊತೆ ಮಾತು, ಆಮೇಲೆ ಸಭೆಯ ಕಮಿಟಿ. ಅಲ್ಲೂ ಆಗದಿದ್ದರೆ ಮೆಥೋಡಿಸ್ಟ್ ಸಭೆಯವರಿಗೆ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್, ಸಿಎಸ್‌ಐನವರಿಗೆ ಡಯೋಸಿಸ್ ಕಚೇರಿ ಇದೆ. ಬರಹದಲ್ಲಿ ಕೊಡಿ, ಸಹಿ ಹಾಕಿ, ಸ್ವೀಕೃತಿ ಪಡೆಯಿರಿ. ಸ್ವತಂತ್ರ ಸಭೆಗಳಿಗೆ ಮೇಲೆ ಯಾರೂ ಇಲ್ಲ, ಅಲ್ಲೇ ತೊಂದರೆ. ಅಕ್ಕಪಕ್ಕದ ಎರಡು ಸಭೆಗಳ ಹಿರಿಯರನ್ನು ಕೂರಿಸಿ ಎರಡೂ ಕಡೆಯ ಮಾತು ಕೇಳಿಸುವುದು ಒಂದು ದಾರಿ. ಸಭಾಪಾಲಕರು ಅದಕ್ಕೂ ಒಪ್ಪದಿದ್ದರೆ ನಿಮಗೆ ಉತ್ತರ ಸಿಕ್ಕಿದೆ.

ಆಗ ಹೊರಡಬೇಕಾಗಬಹುದು. ನಮ್ಮ ಕಡೆ ಜನ ತಪ್ಪು ಎಂದು ಗೊತ್ತಿದ್ದೂ ಕೂತಿರುವುದು ಮದುವೆ ಮತ್ತು ಮಣ್ಣಿನ ಭಯಕ್ಕೆ. ಮಗಳ ಮದುವೆ ಯಾರು ಮಾಡಿಸುತ್ತಾರೆ, ಅಪ್ಪ ತೀರಿಕೊಂಡರೆ ಯಾವ ಸಮಾಧಿಯಲ್ಲಿ ಜಾಗ? ಆದ್ದರಿಂದ ಸಿಟ್ಟಿನಲ್ಲಿ ಎದ್ದು ಹೋಗಬೇಡಿ. ದೀಕ್ಷಾಸ್ನಾನದ ಸರ್ಟಿಫಿಕೇಟ್, ಸದಸ್ಯತ್ವದ ಪತ್ರ, ಮದುವೆ ರಿಜಿಸ್ಟರಿನ ಪ್ರತಿ ಮೊದಲು ತೆಗೆದುಕೊಳ್ಳಿ. ಹೊಸ ಸಭೆ ಸೇರುವ ಮುನ್ನ ಅಲ್ಲಿನ ಪಾಸ್ಟರ್‌ಗೆ 1872ರ ಕ್ರೈಸ್ತ ವಿವಾಹ ಕಾಯ್ದೆಯಂತೆ ಮದುವೆ ಮಾಡಿಸುವ ಅಧಿಕಾರ ಇದೆಯೇ, ಸಮಾಧಿಗೆ ಯಾವ ಏರ್ಪಾಡು ಇದೆ ಎಂದು ಬಾಯಿಬಿಟ್ಟು ಕೇಳಿ. ಪತ್ರ ಕೊಡಲು ಹಳೆಯ ಸಭೆ ಒಪ್ಪದಿದ್ದರೆ ಮನವಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.